ಮೊದಲ ಪಂದ್ಯಕ್ಕೆ ರಾಹುಲ್ ಬೇಕೆ, ಬೇಡವೆ?

ಬೆಂಗಳೂರಿನಿಂದ ತುಮಕೂರಿನ ಹೆದ್ದಾರಿ ಹಿಡಿದು ನೆಲಮಂಗಲದ ಕಡೆಗೆ ಸಾಗುವ ಕ್ರಿಕೆಟ್ ಪ್ರಿಯರಿಗೆ ಆಲೂರು ಎಂಬ ಹೆಸರು ಹೊಸದಲ್ಲ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೂರು ಮೈದಾನಗಳು ಅಲ್ಲಿವೆ. ನಗರದ ಗದ್ದಲ ಅಷ್ಟಾಗಿ ತಟ್ಟದ ಈ ಎಡೆಯಲ್ಲಿ 2023ರ ಆಗಸ್ಟ್ ತಿಂಗಳ ಕೊನೆಯ ವಾರ ಭಾರತದ ತಂಡ ಬೀಡುಬಿಟ್ಟಿತ್ತು. ಏಷ್ಯಾ ಕಪ್ ಪಂದ್ಯಾವಳಿ ಎದುರಿಗಿತ್ತು. ಅದರ ಬೆನ್ನಿಗೇ ಸ್ವದೇಶದಲ್ಲಿ ವಿಶ್ವ ಕಪ್. ಮೊದಲನೆಯ ಪಂದ್ಯವೋ, ಪಾಕಿಸ್ತಾನದ ಎದುರು! ಆದರೆ ಆ ವಾರ ಜನರ ಮನಸ್ಸನ್ನು ಕಾಡುತ್ತಿದ್ದುದು ಎದುರಾಳಿಯ ಬಲವಲ್ಲ, ನಮ್ಮವನೇ ಒಬ್ಬನ ಬಲದೊಡೆ.

ಶಿಬಿರ ಮುಗಿಯುತ್ತ ಬಂದಾಗ, ಆಗಸ್ಟ್ 29ರಂದು, ತರಬೇತುದಾರ ರಾಹುಲ್ ದ್ರಾವಿಡ್ ಪತ್ರಕರ್ತರನ್ನು ಕಂಡರು. ಕೆ. ಎಲ್. ರಾಹುಲ್ ಆಡುವರೆ ಎಂಬ ಪ್ರಶ್ನೆ ಎದುರಾಗುವುದೆಂದು ಅವರಿಗೆ ಮೊದಲೇ ಗೊತ್ತಿದ್ದಿರಬೇಕು. ಉತ್ತರ ಅವರ ಬ್ಯಾಟಿನಂತೆಯೇ ನೇರವಾಗಿತ್ತು. ರಾಹುಲ್ ಚೇತರಿಸಿಕೊಳ್ಳುತ್ತಿದ್ದಾರೆ, ಆದರೆ ಮೊದಲ ಎರಡು ಪಂದ್ಯಗಳಿಗೆ ಅವರು ಲಭ್ಯರಿಲ್ಲ. ತಂಡ ಶ್ರೀಲಂಕೆಗೆ ತೆರಳುತ್ತದೆ, ರಾಹುಲ್ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಉಳಿಯುತ್ತಾರೆ. ಸೆಪ್ಟೆಂಬರ್ 4ರಂದು ಮತ್ತೆ ನೋಡೋಣ.

ಕೇಳಿದವರಿಗೆ ಇದು ಸಣ್ಣ ಪ್ರಕಟಣೆ. ಆದರೆ ಇದರ ಹಿಂದೆ ನಾಲ್ಕು ತಿಂಗಳ ಕಥೆಯಿತ್ತು.

ಅದೇ ವರ್ಷ ಮೇ 1ರಂದು ಲಖನೌ ನಗರದಲ್ಲಿ ಐ.ಪಿ.ಎಲ್. ಪಂದ್ಯ. ಲಖನೌ ತಂಡದ ನಾಯಕ ರಾಹುಲ್, ಎದುರಾಳಿ ನಮ್ಮ ಬೆಂಗಳೂರಿನ ತಂಡ. ಎರಡನೆಯ ಓವರಿನಲ್ಲಿ ಡು ಪ್ಲೆಸಿ ಹೊಡೆದ ಚೆಂಡು ಗಡಿಯತ್ತ ಧಾವಿಸಿತು. ಅದನ್ನು ಬೆನ್ನಟ್ಟಿದ ರಾಹುಲ್ ಓಡುತ್ತಲೇ ತೊಡೆ ಹಿಡಿದುಕೊಂಡು ನೆಲಕ್ಕೆ ಬಿದ್ದರು. ಎತ್ತಿ ನಡೆಸಿಕೊಂಡು ಹೋಗಬೇಕಾಯಿತು. ಅಷ್ಟಾದರೂ ಅವರು ಸುಮ್ಮನಿರಲಿಲ್ಲ. ಪಂದ್ಯ ಕೈಮೀರುತ್ತಿದ್ದಾಗ ಹನ್ನೊಂದನೆಯ ಆಟಗಾರನಾಗಿ ಕುಂಟುತ್ತ ಬಂದು ಬ್ಯಾಟು ಹಿಡಿದು ನಿಂತರು. ಓಡಲು ಆಗದು, ಆದ್ದರಿಂದ ಓಡಲಿಲ್ಲ. ತಂಡ 18 ರನ್ನುಗಳಿಂದ ಸೋತಿತು. ನೋಡಿದವರು ಮೆಚ್ಚಿದರು, ಮನೆಯಲ್ಲಿ ದೂರದರ್ಶನದ ಮುಂದೆ ಕುಳಿತಿದ್ದ ತಾಯಂದಿರು ಮಾತ್ರ, ‘ಈ ಹುಡುಗನಿಗೆ ಯಾಕಪ್ಪ ಈ ಹಟ’ ಎಂದಿದ್ದರೆ ಆಶ್ಚರ್ಯವಿಲ್ಲ.

ಗಾಯ ಸಾಮಾನ್ಯವಾದುದಾಗಿರಲಿಲ್ಲ. ತೊಡೆಯ ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುವಿಗೆ ಪೆಟ್ಟು ಬಿದ್ದಿತ್ತು. ಸ್ನಾಯು ಹರಿದರೆ ರಕ್ತ ಸಂಚಾರ ಹೇರಳವಾಗಿರುವುದರಿಂದ ಬೇಗ ಕೂಡಿಕೊಳ್ಳುತ್ತದೆ. ರಜ್ಜುವಿಗೆ ರಕ್ತ ಕಡಮೆ, ಅದು ಕೂಡುವುದು ನಿಧಾನ. ಮೇ ತಿಂಗಳಲ್ಲಿಯೇ ಇಂಗ್ಲೆಂಡಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಜೂನ್ ತಿಂಗಳಲ್ಲಿ ಓವಲ್ ಮೈದಾನದಲ್ಲಿ ನಡೆದ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯ ಅವರ ಕೈತಪ್ಪಿತು. ಅಲ್ಲಿಂದ ಮುಂದೆ ಬೆಂಗಳೂರಿನ ಅಕಾಡೆಮಿಯೇ ಮನೆ. ಊರುಗೋಲಿನಿಂದ ನಡಿಗೆ, ನಡಿಗೆಯಿಂದ ಓಟ. ಜುಲೈ ಮೂರನೆಯ ವಾರದಲ್ಲಿ, ಅವರು ಬ್ಯಾಟು ಹಿಡಿದು ಬಲೆಯಲ್ಲಿ ಅಭ್ಯಾಸ ಆರಂಭಿಸಿದ್ದಾರೆಂದು ಕ್ರಿಕೆಟ್ ಮಂಡಳಿ ಪ್ರಕಟಿಸಿತು.

ಆಗಸ್ಟ್ 21ರಂದು ಹದಿನೇಳು ಮಂದಿಯ ತಂಡ ಪ್ರಕಟವಾದಾಗ ರಾಹುಲ್ ಹೆಸರು ಅದರಲ್ಲಿತ್ತು. ಅದರ ಜೊತೆಗೇ ಮುಖ್ಯ ಆಯ್ಕೆಗಾರ ಅಜಿತ್ ಅಗರ್ಕರ್ ಇನ್ನೊಂದು ಮಾತು ಹೇಳಿದರು: ರಾಹುಲ್‌ಗೆ ಚಿಕ್ಕದೊಂದು ನೋವು ಕಾಣಿಸಿಕೊಂಡಿದೆ, ಹಳೆಯ ಗಾಯಕ್ಕೂ ಅದಕ್ಕೂ ಸಂಬಂಧವಿಲ್ಲ. ಮುನ್ನೆಚ್ಚರಿಕೆಯಾಗಿ ಸಂಜು ಸ್ಯಾಮ್ಸನ್‌ರನ್ನು ಮೀಸಲು ಆಟಗಾರರಾಗಿ ಕರೆದೊಯ್ಯಲಾಗುವುದು. ಟೀಕೆಗಳೂ ಬಂದವು. ಆಡಲು ಸಿದ್ಧನಿಲ್ಲದವನನ್ನು ಆರಿಸುವುದೇಕೆ? ಮನೆ ಕಟ್ಟಿ ಮುಗಿಯುವ ಮೊದಲೇ ಗೃಹಪ್ರವೇಶದ ಲಗ್ನಪತ್ರಿಕೆ ಹಂಚಿದಂತಲ್ಲವೆ ಇದು? ಟೀಕೆಯಲ್ಲಿ ಹುರುಳಿರಲಿಲ್ಲವೆನ್ನಲಾಗದು.

ಇದರ ತೊಡಕನ್ನು ಅರಿಯಬೇಕಾದರೆ ತಾರೀಖುಗಳನ್ನು ನೋಡಬೇಕು. ಪಾಕಿಸ್ತಾನದ ವಿರುದ್ಧ ಮೊದಲ ಪಂದ್ಯ ಸೆಪ್ಟೆಂಬರ್ 2ಕ್ಕೆ, ನೇಪಾಳದ ವಿರುದ್ಧ ಎರಡನೆಯದು 4ಕ್ಕೆ. ವಿಶ್ವ ಕಪ್ಪಿಗೆ ತಂಡದ ಪಟ್ಟಿ ಕೊಡಬೇಕಾದ ಗಡುವು 5ಕ್ಕೆ. ಎಂದರೆ ಮೊದಲೆರಡು ಪಂದ್ಯಗಳಲ್ಲಿ ಆಡದಿದ್ದರೆ, ಮೇ 1ರಿಂದ ಒಂದೇ ಒಂದು ಪಂದ್ಯವನ್ನೂ ಆಡದ ಮನುಷ್ಯನನ್ನು ವಿಶ್ವ ಕಪ್ಪಿಗೆ ಆರಿಸಬೇಕಾಗುತ್ತದೆ, ಇಲ್ಲವೆ ಕೈಬಿಡಬೇಕಾಗುತ್ತದೆ. ಆಡಿಸಿದರೋ, ಗಾಯ ಮರುಕಳಿಸಿ ವಿಶ್ವ ಕಪ್ಪೇ ತಪ್ಪಿಹೋಗಬಹುದು. ಮೂವತ್ತೊಂದರ ವಯಸ್ಸು, ಸ್ವದೇಶದಲ್ಲಿ ವಿಶ್ವ ಕಪ್ ಆಡುವ ಯೋಗ ಒಬ್ಬ ಆಟಗಾರನಿಗೆ ಎಷ್ಟು ಸಲ ಬಂದೀತು?

ಜೊತೆಗೆ ಅವರು ಬರಿಯ ಬ್ಯಾಟ್ಸ್‌ಮನ್ ಆಗಿ ಬೇಕಾಗಿರಲಿಲ್ಲ. ವಿಕೆಟ್ ಕೀಪರ್ ಆಗಿಯೂ ಬೇಕಾಗಿದ್ದರು. ಐವತ್ತು ಓವರುಗಳ ಆಟದಲ್ಲಿ ಕೀಪರ್ ಕಡಮೆಯೆಂದರೂ ಮುನ್ನೂರು ಬಾರಿ ಕುಕ್ಕುರುಗಾಲಿನಲ್ಲಿ ಕುಳಿತು ಏಳಬೇಕು. ಪ್ರತಿ ಸಲವೂ ಭಾರ ಬೀಳುವುದು ತೊಡೆಯ ಮೇಲೆಯೇ. ಎಡಕ್ಕೋ ಬಲಕ್ಕೋ ಹಾರಬೇಕು, ಪ್ರತಿ ಎಸೆತಕ್ಕೂ ಗೂಟಗಳ ಬಳಿಗೆ ಓಡಿಬರಬೇಕು. ಬ್ಯಾಟ್ಸ್‌ಮನ್ ಔಟಾದರೆ ಒಳಗೆ ಹೋಗಿ ಕಾಲು ಚಾಚಿ ಕೂರಬಹುದು, ಕೀಪರನಿಗೆ ಆ ಭಾಗ್ಯವಿಲ್ಲ. ಈ ಕಷ್ಟ ದ್ರಾವಿಡರಿಗೆ ಪುಸ್ತಕದ ತಿಳಿವಳಿಕೆಯಲ್ಲ. ತಂಡಕ್ಕೆ ಒಬ್ಬ ಬ್ಯಾಟ್ಸ್‌ಮನ್ ಹೆಚ್ಚಾಗಿ ಸಿಗಲೆಂದು 2003ರ ವಿಶ್ವ ಕಪ್ಪಿನಲ್ಲಿ ಕೈಗವಸು ತೊಟ್ಟು ಗೂಟಗಳ ಹಿಂದೆ ಕುಳಿತವರು ಅವರೇ.

ಇಂಥ ತೀರ್ಮಾನ ಯಾರದು? ವೈದ್ಯರದೆಂದು ಸಾಮಾನ್ಯವಾಗಿ ಜನ ಭಾವಿಸುತ್ತಾರೆ. ವೈದ್ಯರು ಹೇಳಬಲ್ಲದ್ದು ಅರ್ಧ ಮಾತ್ರ. ಗಾಯ ಕೂಡಿದೆಯೆ, ಊತ ಇಳಿದಿದೆಯೆ, ಗಾಯವಾದ ಕಾಲಿನ ಶಕ್ತಿ ಇನ್ನೊಂದು ಕಾಲಿನ ಶಕ್ತಿಗೆ ಸಮೀಪಿಸಿದೆಯೆ ಎಂಬುದನ್ನು ಅವರು ಅಳೆದು ಹೇಳುತ್ತಾರೆ. ಹತ್ತರಲ್ಲಿ ಒಂಬತ್ತು ಪಾಲಾದರೂ ಮರಳಿರಬೇಕೆಂಬುದು ಕ್ರೀಡಾವೈದ್ಯರು ಸಾಮಾನ್ಯವಾಗಿ ಬಳಸುವ ಅಳತೆ. ಆಮೇಲೆ ಓಡಿಸಿ, ತಟ್ಟನೆ ನಿಲ್ಲಿಸಿ, ತಿರುಗಿಸಿ ನೋಡುತ್ತಾರೆ. ಪಂದ್ಯದ ಮಾದರಿಯಲ್ಲಿಯೇ ಗಂಟೆಗಟ್ಟಲೆ ಆಡಿಸಿ, ಮರುದಿನ ಬೆಳಿಗ್ಗೆ ಕಾಲು ಏನು ಹೇಳುತ್ತದೆಂದು ಕೇಳುತ್ತಾರೆ. ಈ ಮರುದಿನದ ಬೆಳಗೇ ಮುಖ್ಯ. ಆಟದ ಬಿಸಿಯಲ್ಲಿ ಅಡಗಿದ್ದ ನೋವು ಆಗ ಹೊರಬೀಳುತ್ತದೆ.

ಉಳಿದ ಅರ್ಧ ಆಟದ ಲೆಕ್ಕ. ಪಂದ್ಯ ಎಂಥದು, ಬದಲಿಗೆ ಯಾರಿದ್ದಾರೆ, ಮುಂದೆ ಏನಿದೆ? ಕೊನೆಯ ಪಂದ್ಯಕ್ಕಾದರೆ ಸ್ವಲ್ಪ ಅಪಾಯಕ್ಕೆ ಒಪ್ಪಬಹುದು, ನಾಳೆಯೆಂಬುದು ಇಲ್ಲ. ಮೊದಲ ಪಂದ್ಯಕ್ಕೆ ಆ ನೆಪವಿಲ್ಲ. ಇನ್ನು ಆಟಗಾರನ ಮಾತು. ‘ನೋವಿದೆಯೆ?’ ಎಂದರೆ ‘ಇಲ್ಲ’ ಎನ್ನುವುದು ಆಟಗಾರರ ಜಾತಿಗುಣ. ಜಾಗ ಒಮ್ಮೆ ಬಿಟ್ಟುಕೊಟ್ಟರೆ ಮತ್ತೆ ಸಿಕ್ಕೀತೆಂಬ ಭರವಸೆ ಯಾರಿಗಿದೆ?

ಆತುರಪಟ್ಟರೆ ಏನಾಗುವುದೆಂಬುದು ಹಿಂದಿನ ವರ್ಷವೇ ಕಂಡಿತ್ತು. ಬೆನ್ನುನೋವಿನಿಂದ 2022ರ ಏಷ್ಯಾ ಕಪ್ ಬಿಟ್ಟಿದ್ದ ಬುಮ್ರಾ, ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ವಿರುದ್ಧ ಎರಡು ಪಂದ್ಯ ಆಡಿದರು. ತಿಂಗಳು ಮುಗಿಯುವುದರೊಳಗೆ ಬೆನ್ನು ಮತ್ತೆ ಹಿಡಿದುಕೊಂಡಿತು. ಅಕ್ಟೋಬರ್ 3ರಂದು ಅವರು ಟಿ-20 ವಿಶ್ವ ಕಪ್ಪಿನಿಂದ ಹೊರಬಿದ್ದರು. ಮುಂದೆ ಶಸ್ತ್ರಚಿಕಿತ್ಸೆ, ಸುಮಾರು ಹನ್ನೊಂದು ತಿಂಗಳ ವನವಾಸ. ಆಲೂರಿನ ಶಿಬಿರದ ಹೊತ್ತಿಗೆ ಅವರು ಐರ್ಲೆಂಡಿನಲ್ಲಿ ಆಗಷ್ಟೇ ಮತ್ತೆ ಚೆಂಡು ಹಿಡಿದಿದ್ದರು. ತರಬೇತುದಾರರು ಅದನ್ನು ಮರೆತಿರಲಾರರು.

ಹಾಗೆಂದು ತಡೆದು ನಿಲ್ಲಿಸಿದರೆ ಎಲ್ಲವೂ ಸುಖಾಂತವೆಂದಲ್ಲ. ಕಾಲ್ಚೆಂಡಾಟದ ಲೋಕದಲ್ಲಿ 2018ರಲ್ಲಿ ನಡೆದುದನ್ನು ವಾಚಕರು ನೆನೆಯಬಹುದು. ಈಜಿಪ್ಟ್ ದೇಶದ ಕಣ್ಮಣಿ ಮೊಹಮದ್ ಸಲಾ ಮೇ 26ರಂದು ಕೀವ್ ನಗರದ ಪಂದ್ಯದಲ್ಲಿ ಭುಜಕ್ಕೆ ಪೆಟ್ಟು ತಿಂದು ಕಣ್ಣೀರಿಡುತ್ತ ಹೊರನಡೆದರು. ಈಜಿಪ್ಟ್ 28 ವರ್ಷಗಳ ಬಳಿಕ ವಿಶ್ವ ಕಪ್ ಪ್ರವೇಶಿಸಿತ್ತು. ಮೊದಲ ಪಂದ್ಯ ಜೂನ್ 15ರಂದು ಉರುಗ್ವೆಯ ಎದುರು. ಅಂದು ಸಲಾ ಅವರ ಹುಟ್ಟುಹಬ್ಬವೂ ಹೌದು. ಆಡುವುದು ಹೆಚ್ಚು ಕಡಿಮೆ ಖಚಿತವೆಂದು ಹಿಂದಿನ ದಿನ ಹೇಳಿದ್ದ ತರಬೇತುದಾರ ಕೂಪರ್, ಅವರನ್ನು ಬೆಂಚಿನ ಮೇಲೆಯೇ ಕೂರಿಸಿದರು. ಈಜಿಪ್ಟ್ 88 ನಿಮಿಷ ಗಟ್ಟಿಯಾಗಿ ನಿಂತು 89ನೆಯ ನಿಮಿಷದಲ್ಲಿ ಗೋಲು ಬಿಟ್ಟುಕೊಟ್ಟಿತು. ಸಲಾ ಎರಡನೆಯ ಪಂದ್ಯ ಆಡಿ ಗೋಲು ಹೊಡೆದರು, ಮೂರನೆಯದರಲ್ಲಿಯೂ ಹೊಡೆದರು. ತಂಡ ಮೂರನ್ನೂ ಸೋತು ಮನೆಗೆ ಮರಳಿತು. ಕೂಪರ್ ಮಾಡಿದ್ದು ತಪ್ಪೆ? ಭುಜವಂತೂ ಉಳಿಯಿತು.

ನಮ್ಮ ಕನ್ನಡನಾಡಿನಲ್ಲಿ ಈ ಮಾತು ಬಂದಾಗಲೆಲ್ಲ ಅನಿಲ್ ಕುಂಬ್ಳೆಯವರ ಹೆಸರು ಬಾರದಿರದು. 2002ರ ಮೇ ತಿಂಗಳಲ್ಲಿ ಆಂಟಿಗಾ ದ್ವೀಪದಲ್ಲಿ ಡಿಲನ್ ಎಸೆದ ಚೆಂಡು ದವಡೆ ಮುರಿಯಿತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದು ಎಡೆಬಿಡದೆ 14 ಓವರು ಎಸೆದರು, ಲಾರಾ ಅವರನ್ನು ಔಟ್ ಮಾಡಿದರು. ‘ಕುಂಬ್ಳೆ ಆಡಲಿಲ್ಲವೆ, ಇವರಿಗೇನು?’ ಎಂದು ಪ್ರತಿ ಗಾಯಾಳುವಿನ ಮುಂದೆಯೂ ಹೇಳುವವರಿದ್ದಾರೆ. ಅವರು ಮರೆಯುವ ಸಂಗತಿಯೊಂದಿದೆ. ಚೆಂಡೆಸೆಯುವುದು ದವಡೆಯಿಂದಲ್ಲ. ಎಸೆಯುವ ಭುಜಕ್ಕೇ ತೊಂದರೆಯಾಗಿದ್ದಾಗ, 2001ರಲ್ಲಿ ಆಸ್ಟ್ರೇಲಿಯ ಇಲ್ಲಿಗೆ ಬಂದ ಆ ಪ್ರಸಿದ್ಧ ಸರಣಿಯನ್ನು ಇದೇ ಕುಂಬ್ಳೆ ಆಡಲಿಲ್ಲ. ಶಸ್ತ್ರಚಿಕಿತ್ಸೆಯ ಬಳಿಕ ಭುಜ ವಾಸಿಯಾಗುವವರೆಗೆ ಕಾದರು. ಅವರಿಲ್ಲದ ಸರಣಿಯಲ್ಲಿ ಹರ್ಭಜನ್ ಸಿಂಗ್ 32 ವಿಕೆಟ್ ಉರುಳಿಸಿದರು, ಭಾರತ ಗೆದ್ದಿತು. ಕುಂಬ್ಳೆ ಮರಳಿ ಬಂದು 2008ರವರೆಗೆ ಆಡಿದರು. ಆಂಟಿಗಾದ ಚಿತ್ರ ಮನೆಮನೆಯಲ್ಲಿ ಉಳಿಯಿತು. ಕಾದುಕೂತ ತಿಂಗಳುಗಳ ಚಿತ್ರ ಯಾರು ತೆಗೆಯುತ್ತಾರೆ?

ಇನ್ನು ಶ್ರೀಲಂಕೆಗೆ ಬರೋಣ. ಸೆಪ್ಟೆಂಬರ್ 2ರಂದು ಪಲ್ಲೆಕೆಲೆಯಲ್ಲಿ ಭಾರತ 66 ರನ್ನಿಗೆ ನಾಲ್ಕು ವಿಕೆಟ್ ಕಳೆದುಕೊಂಡಿತು. ಬೆಂಗಳೂರಿನಲ್ಲಿ ಕುಳಿತು ನೋಡುತ್ತಿದ್ದರೆ ರಾಹುಲ್ ಮನಸ್ಸು ಹೇಗಾಗಿದ್ದಿರಬೇಡ! ಅವರ ಸ್ಥಾನದಲ್ಲಿ ಕೀಪರ್ ಆಗಿದ್ದ ಇಶಾನ್ ಕಿಶನ್ 82 ರನ್ನು ಹೊಡೆದು ತಂಡವನ್ನು ಎತ್ತಿದರು. ಮಳೆ ಬಂದು ಪಂದ್ಯ ಅರ್ಧಕ್ಕೇ ನಿಂತಿತು. ಈಗ ಪ್ರಶ್ನೆ ತಿರುವುಮುರುವಾಯಿತು: ರಾಹುಲ್ ಆಡಲು ಸಿದ್ಧರೆ ಎಂಬುದಷ್ಟೇ ಅಲ್ಲ, ಸಿದ್ಧರಾದರೂ ಜಾಗವೆಲ್ಲಿ? 5ನೆಯ ತಾರೀಖು ಪ್ರಕಟವಾದ ವಿಶ್ವ ಕಪ್ ಪಟ್ಟಿಯಲ್ಲಿ ಇಬ್ಬರ ಹೆಸರೂ ಇತ್ತು. ನಾಲ್ಕು ತಿಂಗಳಿನಿಂದ ಪಂದ್ಯವನ್ನೇ ಆಡದವನ ಮೇಲೆ ಆಯ್ಕೆಗಾರರು ಇಟ್ಟ ಪಣ ಅದು.

ಸೆಪ್ಟೆಂಬರ್ 10, ಕೊಲಂಬೊ, ಮತ್ತೆ ಪಾಕಿಸ್ತಾನ. ಶ್ರೇಯಸ್ ಅಯ್ಯರ್ ಅವರ ಬೆನ್ನು ಹಿಡಿದುಕೊಂಡಿತು. ಟಾಸ್ ಆಗುವ ಕೆಲವೇ ನಿಮಿಷ ಮೊದಲು ರಾಹುಲ್‌ಗೆ ಕರೆ ಬಂತು. ಒಬ್ಬನ ಗಾಯ ಮುಚ್ಚಿದ್ದ ಬಾಗಿಲನ್ನು ಇನ್ನೊಬ್ಬನ ನೋವು ತೆರೆಯಿತು. ಮಳೆಯ ಕಾರಣ ಎರಡು ದಿನಕ್ಕೆ ಹಂಚಿಹೋದ ಆ ಆಟದಲ್ಲಿ ಅವರು 106 ಎಸೆತಗಳಲ್ಲಿ 111 ರನ್ನು ಗಳಿಸಿ ಔಟಾಗದೆ ಉಳಿದರು. ಕೊಹ್ಲಿ 122. ಮುರಿಯದ ಜೊತೆಯಾಟ 233 ರನ್ನು. ಅದರಲ್ಲಿ ಓಡಿ ತೆಗೆದ ಒಂಟಿ ರನ್ನುಗಳೂ ಜೋಡಿ ರನ್ನುಗಳೂ ಹೇರಳ. ಬಲದೊಡೆ ದೂರು ಹೇಳಲಿಲ್ಲ. ಆಮೇಲೆ ಅದೇ ಸಂಜೆ ಕೈಗವಸು ತೊಟ್ಟು ಪಾಕಿಸ್ತಾನದ ಇನಿಂಗ್ಸಿನುದ್ದಕ್ಕೂ ಗೂಟಗಳ ಹಿಂದೆ ಕುಳಿತೆದ್ದರು. ಭಾರತ 228 ರನ್ನುಗಳಿಂದ ಗೆದ್ದಿತು.

ಅದೇ ಪಂದ್ಯದಲ್ಲಿ ಎದುರಾಳಿಯ ಯುವ ಬೌಲರ್ ನಸೀಮ್ ಷಾ ಭುಜದ ನೋವಿನಿಂದ ಹೊರನಡೆದರು. ಅವರು ವಿಶ್ವ ಕಪ್ ಆಡಲಿಲ್ಲ. ಆ ಸಂಭ್ರಮದಲ್ಲಿ ನಮ್ಮವರು ಅದನ್ನು ಗಮನಿಸಿದ್ದು ಕಡಿಮೆ.

ಅಕ್ಟೋಬರ್ 8ರಂದು ಚೆನ್ನೈಯಲ್ಲಿ ವಿಶ್ವ ಕಪ್ಪಿನ ಭಾರತದ ಮೊದಲ ಪಂದ್ಯ. ಎದುರಿಗೆ ಆಸ್ಟ್ರೇಲಿಯ, ಬೇಕಾದ ಓಟ 200. ಎರಡು ರನ್ನು ಆಗುವಷ್ಟರಲ್ಲಿ ಮೂರು ವಿಕೆಟ್ ಬಿದ್ದವು. ಐವತ್ತು ಓವರು ಕೀಪಿಂಗ್ ಮಾಡಿ ಸ್ನಾನ ಮುಗಿಸಿ ಸ್ವಲ್ಪ ಕಾಲು ಚಾಚೋಣವೆಂದುಕೊಂಡಿದ್ದ ರಾಹುಲ್ ಎದ್ದು ಬರಬೇಕಾಯಿತು. ಅಂದು 97 ರನ್ನು, ಔಟಾಗದೆ. ಈ ಬಾರಿ ಆಡಿಸುವುದೇ ಬೇಡವೇ ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನವೆಂಬರ್ 19ರಂದು ಅಹಮದಾಬಾದಿನ ಅಂತಿಮ ಪಂದ್ಯದವರೆಗೆ ಅವರು ಒಂದನ್ನೂ ತಪ್ಪಿಸಿಕೊಳ್ಳಲಿಲ್ಲ. ಕಪ್ ಆಸ್ಟ್ರೇಲಿಯದ ಪಾಲಾಯಿತು.

ಗಾಯಾಳುಗಳು ಚೇತರಿಸಿಕೊಳ್ಳುವ ಅಕಾಡೆಮಿ ಆಗ ಚಿನ್ನಸ್ವಾಮಿ ಕ್ರೀಡಾಂಗಣದ ಇಕ್ಕಟ್ಟಿನಲ್ಲಿತ್ತು. 2024ರ ಸೆಪ್ಟೆಂಬರಿನಲ್ಲಿ ಅದಕ್ಕೆ ದೇವನಹಳ್ಳಿಯ ವಿಮಾನ ನಿಲ್ದಾಣದ ಸಮೀಪ ವಿಶಾಲವಾದ ಹೊಸ ನೆಲೆ ದೊರಕಿತು. ದೇಶದ ಮೂಲೆಮೂಲೆಯ ಬೆನ್ನು, ಭುಜ, ಮಂಡಿಗಳು ಈಗ ಅಲ್ಲಿಗೆ ಬಂದಿಳಿಯುತ್ತವೆ. ಬೇಕೆ, ಬೇಡವೆ ಎಂಬ ಪಂಚಾಯಿತಿ ಅಲ್ಲಿ ನಡೆಯುತ್ತದೆ.

ಆ ವಿಶ್ವ ಕಪ್ಪಿನಲ್ಲಿ ರಾಹುಲ್ ಗೂಟಗಳ ಹಿಂದೆ ಔಟ್ ಮಾಡಿದವರ ಸಂಖ್ಯೆ 17. ಒಂದೇ ವಿಶ್ವ ಕಪ್ಪಿನಲ್ಲಿ ಭಾರತದ ಕೀಪರ್ ಒಬ್ಬರ ಅದುವರೆಗಿನ ದಾಖಲೆ 16 ಆಗಿತ್ತು. ಅದು 2003ರಲ್ಲಿ ದ್ರಾವಿಡ್ ಮಾಡಿದ್ದು.