ಬೂಟ್ ಆಗುವ ಮೊದಲೇ ಮರಳಿ ಮರಳಿ ಆರುವ ಕಂಪ್ಯೂಟರ್

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ನಾಡಕಚೇರಿ, ಶಾಲೆ, ಸಹಕಾರ ಸಂಘ ಮತ್ತು ಜೆರಾಕ್ಸ್ ಅಂಗಡಿಗಳಲ್ಲಿ ಪಹಣಿಯಿಂದ ಹಿಡಿದು ಜಾತಿ-ಆದಾಯ ಪ್ರಮಾಣಪತ್ರದವರೆಗೆ ಎಲ್ಲ ಕಾಗದಪತ್ರಗಳೂ ಕಂಪ್ಯೂಟರಿನ ಮೂಲಕವೇ ದೊರೆಯಬೇಕಾಗಿರುವುದರಿಂದ, ಗುಂಡಿ ಒತ್ತಿದ ಕೆಲವೇ ಕ್ಷಣಗಳಲ್ಲಿ ಆರಿ, ತಾನಾಗಿಯೇ ಹೊತ್ತಿಕೊಂಡು, ಮತ್ತೆ ಆರುವ ಒಂದು ಯಂತ್ರ ಹಲವರ ದಿನದ ಕೆಲಸವನ್ನೇ ನಿಲ್ಲಿಸುತ್ತದೆ. ವಿಂಡೋಸ್ ಕೆಟ್ಟಿದೆಯೆಂದು ಭಾವಿಸಿ ಹಾರ್ಡ್‌ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸುವುದು ಇಂಥ ಸಂದರ್ಭದಲ್ಲಿ ಕೈಗೊಳ್ಳಬಾರದ ಕ್ರಮ. ಯಂತ್ರವು ಡಿಸ್ಕನ್ನು ಓದುವ ಹಂತವನ್ನೇ ತಲುಪಿರುವುದಿಲ್ಲವಾದ್ದರಿಂದ ಅದರಿಂದ ದೋಷ ಹೋಗುವುದಿಲ್ಲ, ಕಡತಗಳು ಮಾತ್ರ ಹೋಗುತ್ತವೆ.

ಗೋಡೆಯ ಸಾಕೆಟ್ಟಿನಿಂದ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತಾಗಿ ಪರಿವರ್ತಿಸುವ ಪೆಟ್ಟಿಗೆಗೆ ಎಸ್‌ಎಂಪಿಎಸ್ ಎನ್ನುತ್ತಾರೆ. ಈ ವೋಲ್ಟೇಜುಗಳು ನಿಗದಿತ ಮಟ್ಟಕ್ಕಿಂತ ಶೇ. 5ರಷ್ಟು ಮಾತ್ರ ಹೆಚ್ಚು-ಕಡಿಮೆಯಾಗಬಹುದು. ಅವು ಸ್ಥಿರಗೊಂಡ ಮೇಲೆ ಸೆಕೆಂಡಿನ ಹತ್ತನೆಯ ಒಂದು ಭಾಗದಿಂದ ಅರ್ಧದವರೆಗೆ ಕಾದು ಎಸ್‌ಎಂಪಿಎಸ್ ‘ಪವರ್ ಗುಡ್’ ಎಂಬ ಸಂಕೇತವನ್ನು ಮದರ್‌ಬೋರ್ಡಿಗೆ ಕಳುಹಿಸುತ್ತದೆ. ಅದು ಬರುವವರೆಗೆ ಪ್ರೊಸೆಸರ್ ತಡೆಹಿಡಿಯಲ್ಪಟ್ಟಿರುತ್ತದೆ. ಬಂದ ಮೇಲೆ ಬಯಾಸ್ ಎಂಬ ಮೂಲ ತಂತ್ರಾಂಶವು ರ‍್ಯಾಮ್, ಕೀಲಿಮಣೆ, ಪರದೆಗಳನ್ನು ಪರೀಕ್ಷಿಸಿ, ಕಡೆಗೆ ಡಿಸ್ಕಿನತ್ತ ತಿರುಗುತ್ತದೆ. ನಡುವೆ ಆ ಸಂಕೇತ ಕುಸಿದರೆ ಮದರ್‌ಬೋರ್ಡ್ ಎಲ್ಲವನ್ನೂ ನಿಲ್ಲಿಸಿ ಮೊದಲಿನಿಂದ ಆರಂಭಿಸುತ್ತದೆ. ಆದ್ದರಿಂದ ಪದೇ ಪದೇ ಮರುಚಾಲನೆಗೊಳ್ಳುವುದು ಹಲವು ಸಲ ಯಂತ್ರವು ತನ್ನನ್ನು ಕಾಪಾಡಿಕೊಳ್ಳುವ ಕ್ರಮವೇ ಆಗಿದ್ದು, ಅದು ಯಾವ ಕ್ಷಣದಲ್ಲಿ ನಡೆಯುತ್ತದೆಂಬುದನ್ನು ಗಮನಿಸಿದರೆ ದೋಷದ ನೆಲೆ ತಿಳಿಯುತ್ತದೆ.

ಮೊದಲು ಸಂಶಯಿಸಬೇಕಾದದ್ದು ವಿದ್ಯುತ್ ಪೂರೈಕೆಯನ್ನು. ಕರೆಂಟ್ ತಪ್ಪಿದಾಗ ಎಸ್‌ಎಂಪಿಎಸ್ ತನ್ನೊಳಗಿನ ಸಂಗ್ರಹದಿಂದ ಯಂತ್ರವನ್ನು ನಡೆಸಬಲ್ಲದ್ದು, ಪೂರ್ಣ ಹೊರೆಯಿದ್ದಾಗ, ಸುಮಾರು 16 ಮಿಲಿಸೆಕೆಂಡು ಮಾತ್ರ, ಅಂದರೆ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತಕ್ಕೂ ಕಡಿಮೆ. ಪಂಪ್‌ಸೆಟ್ಟು ಅಥವಾ ಅಕ್ಕಿ ಗಿರಣಿಯ ದೊಡ್ಡ ಮೋಟಾರು ನೇರವಾಗಿ ಚಾಲೂ ಆಗುವಾಗ ತನ್ನ ಸಾಮಾನ್ಯ ಪ್ರವಾಹದ 5ರಿಂದ 7 ಪಟ್ಟು ಸೆಳೆಯುವುದರಿಂದ, ಭತ್ತದ ಸೀಮೆಯಾದ ಕೃಷ್ಣರಾಜನಗರದಂಥ ಕಡೆ ಅದೇ ಟ್ರಾನ್ಸ್‌ಫಾರ್ಮರಿಗೆ ಸೇರಿದ ಕಟ್ಟಡಗಳಲ್ಲಿ ವೋಲ್ಟೇಜ್ ಕ್ಷಣಕಾಲ ಕುಸಿಯಬಹುದು. ಯುಪಿಎಸ್ ಇದ್ದರೂ ಅದರ ಬ್ಯಾಟರಿ ಮುಪ್ಪಾಗಿದ್ದರೆ ಪ್ರಯೋಜನವಿಲ್ಲ. ಯುಪಿಎಸ್ ತಪ್ಪಿಸಿ ನೇರ ಸಾಕೆಟ್ಟಿಗೆ, ಸಾಧ್ಯವಾದರೆ ಬೇರೊಂದು ಕಟ್ಟಡದಲ್ಲಿ, ಯಂತ್ರವನ್ನು ಜೋಡಿಸಿ ನೋಡುವುದು ಖರ್ಚಿಲ್ಲದ ಪರೀಕ್ಷೆ.

ಪೂರೈಕೆ ಸರಿಯಿದ್ದರೆ ದೋಷ ಎಸ್‌ಎಂಪಿಎಸ್ಸಿನಲ್ಲಿ ಅಥವಾ ಮದರ್‌ಬೋರ್ಡಿನ ಕೆಪಾಸಿಟರುಗಳಲ್ಲಿರಬಹುದು. ವಿದ್ಯುತ್ತನ್ನು ಹಿಡಿದಿಟ್ಟು ಏರಿಳಿತವನ್ನು ಸಮಗೊಳಿಸುವ ಈ ಬಿಡಿಭಾಗಗಳೊಳಗಿನ ದ್ರವ ವರ್ಷಗಳಲ್ಲಿ ಒಣಗಿದಂತೆ ಅವುಗಳ ಆಂತರಿಕ ರೋಧ ಹೆಚ್ಚುತ್ತದೆ, ಚಳಿಯಲ್ಲಿ ಅದು ಮತ್ತಷ್ಟು ಏರುತ್ತದೆ. ಆದಕಾರಣ ಚಳಿಗಾಲದ ಬೆಳಿಗ್ಗೆ ಹಲವು ಬಾರಿ ಆರಿ ಹೊತ್ತಿ, ಬೆಚ್ಚಗಾದ ಮೇಲೆ ಸರಿಯಾಗಿ ನಡೆಯುವ ಹಳೆಯ ಯಂತ್ರದಲ್ಲಿ ಈ ದೋಷವನ್ನೇ ಮೊದಲು ಹುಡುಕಬೇಕು. ಮೇಲ್ಭಾಗ ಉಬ್ಬಿದ ಕೆಪಾಸಿಟರ್ ಕಣ್ಣಿಗೇ ಕಾಣುತ್ತದೆ.

ಇನ್ನುಳಿದುದನ್ನು ಗಡಿಯಾರ ಹೇಳುತ್ತದೆ. ಫ್ಯಾನ್ ಅರೆಕ್ಷಣ ತಿರುಗಿ ನಿಂತರೆ ಎಲ್ಲೋ ಶಾರ್ಟ್ ಆಗಿರುವ ಸಾಧ್ಯತೆಯಿದೆ. ಸರಿಯಾಗಿ 4 ಸೆಕೆಂಡಿಗೆ ಆರಿದರೆ ಪವರ್ ಗುಂಡಿ ಒಳಗೇ ಸಿಕ್ಕಿಕೊಂಡಿರಬಹುದು, ಏಕೆಂದರೆ ಅಷ್ಟು ಹೊತ್ತು ಒತ್ತಿಹಿಡಿದರೆ ಆರುವಂತೆ ಯಂತ್ರವನ್ನು ರೂಪಿಸಲಾಗಿರುತ್ತದೆ. ಬೀಪ್ ಸದ್ದು ಕೇಳಿಬಂದರೆ ಹೆಚ್ಚಾಗಿ ರ‍್ಯಾಮ್ ಕಾರಣ, ಅದನ್ನು ಕಳಚಿ, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿ ಕೂರಿಸಬೇಕು. ಅರ್ಧ ನಿಮಿಷ ನಡೆದು ಆರಿದರೆ ಪ್ರೊಸೆಸರಿನ ಮೇಲಿನ ಫ್ಯಾನ್ ದೂಳಿನಿಂದ ಕಟ್ಟಿಕೊಂಡಿದೆಯೇ, ಶಾಖವಾಹಕ ಪೇಸ್ಟ್ ಒಣಗಿದೆಯೇ ಎಂದು ನೋಡಬೇಕು. ಇದಾವುದೂ ಅಲ್ಲವಾದರೆ ಒಂದು ರ‍್ಯಾಮ್ ಮಾತ್ರ ಉಳಿಸಿ, ಡಿಸ್ಕ್ ಮೊದಲಾದವನ್ನೆಲ್ಲ ಬಿಡಿಸಿ, ಒಂದೊಂದಾಗಿ ಮರುಜೋಡಿಸುತ್ತ ಬಂದರೆ ದೋಷಿ ಭಾಗ ಸಿಗುತ್ತದೆ. ಕೇಸಿನೊಳಗೆ ಕೈಯಿಡುವ ಮೊದಲು ಪ್ಲಗ್ ಕಿತ್ತಿರಲೇಬೇಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನಂತೂ ತೆರೆಯಬಾರದು, ಪ್ಲಗ್ ಕಿತ್ತ ಮೇಲೂ ಅದರೊಳಗೆ 300 ವೋಲ್ಟಿನಷ್ಟು ವಿದ್ಯುತ್ ಉಳಿದಿರಬಹುದು.

ಈ ಕ್ರಮವನ್ನು ಶಾಲೆಯ ಶಿಕ್ಷಕರೂ ಸಂಘದ ಗುಮಾಸ್ತರೂ ಅರಿತಿದ್ದರೆ, ಒಂದು ರಬ್ಬರಿನಿಂದಲೋ ಯುಪಿಎಸ್ ಬ್ಯಾಟರಿಯಿಂದಲೋ ಸರಿಹೋಗುವ ಯಂತ್ರಕ್ಕಾಗಿ ವರ್ಷಗಳ ದಾಖಲೆಗಳನ್ನು ಅಳಿಸಬೇಕಾದ ಪ್ರಮೇಯವೇ ಬರುವುದಿಲ್ಲ.