ಜೀಪಿನ ಕೆಳಗೆ ಟ್ರಕ್ಕಿನ ಆಕ್ಸಲ್

ಅಮೆರಿಕದ ಯೂಟಾ ರಾಜ್ಯದ ಮೋಆಬ್‌ನಲ್ಲಿ ಬಂಡೆಗಳ ಮೇಲೆ ಜೀಪು ಹತ್ತಿಸುವುದು ಹಲವರ ಹವ್ಯಾಸ. ಅದಕ್ಕೆ ದೊಡ್ಡ ಟೈರು ಬೇಕು. ತೊಂದರೆ ಶುರುವಾಗುವುದೂ ಅಲ್ಲಿಯೇ. ಟಾರ್ಕ್ ಪಾಠ ಓದಿದ ವಿದ್ಯಾರ್ಥಿಗಳಿಗೆ ಗೊತ್ತು: ಟೈರು ದೊಡ್ಡದಾದಷ್ಟೂ ಆಕ್ಸಲ್ ಶಾಫ್ಟನ್ನು ತಿರುಚುವ ಬಲ ಹೆಚ್ಚುತ್ತದೆ.

ರ‍್ಯಾಂಗ್ಲರ್ ಜೀಪುಗಳಲ್ಲಿ ಹಲವು ವರ್ಷ ಹಿಂದಿನ ಚಕ್ರಗಳಿಗೆ ಬಂದ 'ಡಾನಾ 35' ಆಕ್ಸಲ್‌ನಲ್ಲಿ ಶಾಫ್ಟನ್ನು ಹಿಡಿದಿಡುವುದು ಒಳತುದಿಯ ಪುಟ್ಟ ಕ್ಲಿಪ್. ಶಾಫ್ಟ್ ಮುರಿದರೆ ಚಕ್ರವೇ ಹೊರಬಂದೀತು! ಹೀಗಾಗಿ ಹವ್ಯಾಸಿಗಳ ಕಣ್ಣು ಭಾರಿ ಪಿಕಪ್ ಟ್ರಕ್ಕುಗಳ ಮೇಲೆ. ಜನರಲ್ ಮೋಟರ್ಸ್‌ನ '14 ಬೋಲ್ಟ್' ಆಕ್ಸಲ್‌ನ ಕ್ರೌನ್ ವೀಲ್ 10.5 ಅಂಗುಲ, ಡಾನಾ 35ರದು ಏಳೂವರೆಗಿಂತ ತುಸು ಹೆಚ್ಚು. ಅದು 'ಫುಲ್ ಫ್ಲೋಟಿಂಗ್' ಮಾದರಿ. ಗಾಡಿಯ ಭಾರ ಹೊರುವುದು ಹೊರಗಿನ ಕೊಳವೆ, ಶಾಫ್ಟಿಗೆ ತಿರುಗುವ ಕೆಲಸವಷ್ಟೇ. ಅದು ಮುರಿದರೂ ಚಕ್ರ ಕದಲದು. ಆದರೆ ಅದೇ ಹೆಸರಿನಲ್ಲಿ 9.5 ಅಂಗುಲದ 'ಸೆಮಿ ಫ್ಲೋಟಿಂಗ್' ತಮ್ಮನೂ ಇದ್ದಾನೆ. ಗುಜರಿಯಲ್ಲಿ ಕೊಳ್ಳುವವರು ನೋಡಿಕೊಳ್ಳಬೇಕು.

ಇನ್ನು ಅಗಲದ ಮಾತು. ಟ್ರಕ್ಕಿನ ಆಕ್ಸಲ್ ಜೀಪಿನ ಮೈಯಿಂದಾಚೆ ಚಾಚುತ್ತದೆ. ಕಿರಿದಾಗಿಸಲು ಕೊಳವೆ ಕತ್ತರಿಸಿ, ತುದಿಯನ್ನು ಮತ್ತೆ ಬೆಸೆಯುತ್ತಾರೆ. ಬೆಸುಗೆಯ ಕಾವಿಗೆ ಕೊಳವೆ ಬಾಗುವುದರಿಂದ ಒಳಗೆ ಉದ್ದದ ನೇರ ಸರಳು ತೂರಿಸಿ, ಸ್ವಲ್ಪಸ್ವಲ್ಪವೇ ಬೆಸೆಯಬೇಕು. ಕೂದಲೆಳೆ ವಾರೆಯಾದರೂ ಬೇರಿಂಗ್ ಬಾಳದು. ಶಾಫ್ಟನ್ನೂ ಗಿಡ್ಡ ಮಾಡಿ ಹಲ್ಲು ಕೊರೆಸಬೇಕು, ಇಲ್ಲವೇ ಹೊಸದು ತರಬೇಕು. ಇಷ್ಟು ಖರ್ಚಿಗೆ ಮೊದಲು ಯೋಚಿಸಿ: ಇಳಿಜಾರಿನಲ್ಲಿ ಅಗಲವಾದ ಗಾಡಿ ಸುಲಭವಾಗಿ ಮಗುಚುವುದಿಲ್ಲ. ಮರಗಳ ನಡುವಿನ ಇಕ್ಕಟ್ಟು ದಾರಿಯಲ್ಲಿ ಓಡಿಸುವವರಿಗೆ ಮಾತ್ರ ಕತ್ತರಿಸುವುದು ಅನಿವಾರ್ಯ.