ಮಾಡು ಬದಲಿಸುವ ಖರ್ಚು: ಮೊದಲು ಅಳತೆ, ಆಮೇಲೆ ದರ

ಕಾಫಿ ಕೊಯ್ಲು ಮುಗಿದು, ಅಡಿಕೆ ಸುಲಿತವೂ ಒಂದು ಹದಕ್ಕೆ ಬರುವ ಹೊತ್ತಿಗೆ ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರದ ಮಾತು ಮುಗಿಸಿ ಏಳುವಾಗ ಕೇಳುವ ಪ್ರಶ್ನೆ ಒಂದುಂಟು. "ಮನೆಯ ಮಾಡು ತೆಗೆದು ಹೊಸದು ಹಾಕಿಸಬೇಕು ಮಾರಾಯ್ರೆ, ಎಷ್ಟು ಬಿದ್ದೀತು?" ಒಬ್ಬೊಬ್ಬರಿಗೆ ಒಂದೊಂದು ಮಾತಿನಲ್ಲಿ ಉತ್ತರ ಹೇಳಿ ಕಳುಹಿಸುವುದರಿಂದ ಪ್ರಯೋಜನವಿಲ್ಲವೆಂದು ಕಂಡು, ಲೆಕ್ಕ ಹಾಕುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಹೆಂಚಿನ ಅಂಗಡಿಯ ದರ ಕೇಳಿ ಮಾಡಿನ ಖರ್ಚು ತಿಳಿಯಿತೆಂದುಕೊಳ್ಳುವುದೇ ನಮ್ಮಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಈ ತಪ್ಪು ಗೊತ್ತಾಗುವುದು ಹೆಂಚು ಇಳಿಸಿ ಮನೆ ಬಯಲಾದ ಮೇಲೆ.

ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ನಮ್ಮ ಮನೆಯ ಮಾಡು ಬಿಚ್ಚಿಸಿದಾಗ ಗುತ್ತಿಗೆದಾರರು ಚದರಡಿಗೆ ಇಷ್ಟು ಎಂದರು. ನಾನು ನೆಲದ ಚದರಡಿಯಿಂದ ಗುಣಿಸಿ ಹಣ ಹೊಂದಿಸಿಕೊಂಡೆ. ಅವರು ಅಳೆದದ್ದು ಇಳಿಜಾರಿನ ಮೈಯನ್ನು. ಒಂದು ಕಡೆಯ ಕೆಲಸ ಮುಗಿಯುವಷ್ಟರಲ್ಲಿ ನನ್ನ ಹಣ ಮುಗಿದಿತ್ತು. ಅವರು ಮೋಸ ಮಾಡಿದರೆನ್ನುವಂತಿಲ್ಲ, ಕೇಳದೆ ಹೋದದ್ದು ನಾನು.

ಅಳತೆಯ ಲೆಕ್ಕ

ಒಂದು ಸಾಧಾರಣ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹೊರಗೋಡೆಯ ಅಳತೆ 40 ಅಡಿ ಉದ್ದ, 25 ಅಡಿ ಅಗಲ. ನೆಲದ ಲೆಕ್ಕದಲ್ಲಿ 1000 ಚದರಡಿ. ಆದರೆ ನಮ್ಮ ಮಳೆಗೆ ಗೋಡೆ ನೆನೆಯದಂತೆ ಸೂರು ನಾಲ್ಕೂ ಕಡೆ ಎರಡೂವರೆ ಅಡಿಯಾದರೂ ಹೊರಗೆ ಚಾಚಿರಬೇಕು. ಆಗ ಅಳತೆ 45ಕ್ಕೆ 30 ಆಯಿತು. ಇದಕ್ಕೆ ಎರಡು ಇಳಿಜಾರಿನ ಮಾಡು. ಅಡ್ಡಕ್ಕೆ 10 ಅಡಿ ಹೋದರೆ 6 ಅಡಿ ಏರುವಂತೆ ಕಟ್ಟಿದರೆ, ಸೂರಿನಿಂದ ನೆತ್ತಿಯವರೆಗೆ ಅಡ್ಡಲಾಗಿ 15 ಅಡಿ ಇದ್ದಲ್ಲಿ ಇಳಿಜಾರಿನ ಮೇಲೆ ಅಳೆದಾಗ ಹದಿನೇಳೂವರೆ ಅಡಿ ಬರುತ್ತದೆ. ಒಂದು ಮೈಗೆ 45 ಇಂಟು ಹದಿನೇಳೂವರೆ. ಎರಡೂ ಮೈ ಸೇರಿ 1575 ಚದರಡಿ. ನೆಲದ ಅಳತೆಗಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಇಲ್ಲಿ ಎಡವಿದವನ ಲೆಕ್ಕ ಮುಂದೆಲ್ಲೂ ಸರಿಹೋಗುವುದಿಲ್ಲ.

ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಬೇಕಾಗುತ್ತದೆ, ಎಂದರೆ 100 ಚದರಡಿಗೆ 140. ಮೇಲಿನ ಮಾಡಿಗೆ 2205 ಹೆಂಚು. ಸಾಗಣೆಯಲ್ಲಿ, ಏರಿಸುವಾಗ ಒಡೆಯುವುದಕ್ಕೆ ನೂರಕ್ಕೆ 5ರಂತೆ ಸೇರಿಸಿದರೆ ಸುಮಾರು 2315. ನೆತ್ತಿಯ ಮೇಲೆ ಮುಚ್ಚುವ ಹೆಂಚನ್ನು ಅಡಿಗೊಂದರಂತೆ ಹಿಡಿದರೆ 45.

ಹೆಂಚು ಕೂರುವ ರೀಪುಗಳ ನಡುವಿನ ಅಂತರ ಹೆಚ್ಚುಕಡಿಮೆ ಹನ್ನೆರಡೂವರೆ ಅಂಗುಲ. ಆದ್ದರಿಂದ ಇಳಿಜಾರಿನ ಒಂದು ಚದರಡಿಗೆ ಸುಮಾರು ಒಂದಡಿ ರೀಪು ಎಂದು ನೆನಪಿಟ್ಟುಕೊಂಡರೆ ಸಾಕು. ತುಂಡು ಹೋಗುವುದೂ ಸೇರಿ ಈ ಮನೆಗೆ 1750 ಅಡಿ. ಗೋಡೆಯಿಂದ ನೆತ್ತಿಗೆ ಏರುವ ಪಕಾಸಿಗಳನ್ನು ಎರಡಡಿಗೊಂದರಂತೆ ಹಾಕಿದರೆ ಎರಡು ಕಡೆ ಸೇರಿ 48. ಒಟ್ಟು 840 ಅಡಿ.

ಪೂರಾ ಹೊಸದೋ, ರಿಪೇರಿಯೋ

ಇಷ್ಟಾದ ಮೇಲೆ ದರ ಹಾಕಬೇಕು. ಕೆಳಗಿನ ದರಗಳು ಲೆಕ್ಕ ತೋರಿಸುವುದಕ್ಕೆ ಇಟ್ಟುಕೊಂಡವು ಮಾತ್ರ. ನಿಮ್ಮ ಪೇಟೆಯ ದರವನ್ನು ಆ ಜಾಗದಲ್ಲಿ ಬರೆದುಕೊಳ್ಳತಕ್ಕದ್ದು. ಹೆಂಚಿಗೆ 40 ರೂಪಾಯಿ, ನೆತ್ತಿಯ ಹೆಂಚಿಗೆ 60, ರೀಪು ಅಡಿಗೆ 30, ಪಕಾಸಿ ಅಡಿಗೆ 140, ಆಳಿಗೆ ದಿನಕ್ಕೆ ಸರಾಸರಿ 1000 ಎಂದಿಟ್ಟುಕೊಳ್ಳೋಣ.

ತೊಲೆ ಬಿಟ್ಟು ಉಳಿದದ್ದೆಲ್ಲ ಹೊಸದಾದರೆ:
ಹೆಂಚು 92,600
ನೆತ್ತಿಯ ಹೆಂಚು 2,700
ರೀಪು 52,500
ಪಕಾಸಿ 1,17,600
ಕೂಲಿ, 75 ಆಳು 75,000
ಮೊಳೆ, ಎಣ್ಣೆ, ಟಾರ್ಪಾಲು, ಬಾಡಿಗೆ 25,000
ಒಟ್ಟು 3,65,400 ರೂಪಾಯಿ

ಹಳೆಯ ಹೆಂಚನ್ನೇ ತಿರುಗಿ ಹಾಕಿ, ಒಡೆದ ಐದರಲ್ಲೊಂದು ಪಾಲನ್ನು ತುಂಬಿ, ರೀಪು ಪೂರಾ, ಪಕಾಸಿ ಕಾಲುಭಾಗ ಬದಲಿಸಿದರೆ:
ಹೆಂಚು 460ಕ್ಕೆ 18,400
ನೆತ್ತಿಯ ಹೆಂಚು 2,700
ರೀಪು 52,500
ಪಕಾಸಿ 12ಕ್ಕೆ 29,400
ಕೂಲಿ, 60 ಆಳು 60,000
ಇತರೆ 15,000
ಒಟ್ಟು 1,78,000 ರೂಪಾಯಿ

ಎರಡು ಪಟ್ಟಿಗಳನ್ನೂ ಹೋಲಿಸಿ ನೋಡಿ. ಪೂರಾ ಹೊಸ ಮಾಡಿನಲ್ಲಿಯೂ ಹೆಂಚಿನ ಪಾಲು ಕಾಲುಭಾಗ ಮಾತ್ರ. ಉಳಿದದ್ದು ಮರ ಮತ್ತು ಕೂಲಿ. ರಿಪೇರಿಯ ಖರ್ಚು ಹೊಸದರ ಅರ್ಧಕ್ಕಿಂತ ಕಡಿಮೆ. ಆದುದರಿಂದ ಮಾಡು ಸೋರುತ್ತದೆಂದ ಕೂಡಲೇ ಎಲ್ಲವನ್ನೂ ತೆಗೆಸಲು ಹೊರಡಬಾರದು. ಅನೇಕ ಮನೆಗಳಲ್ಲಿ ಕೆಟ್ಟಿರುವುದು ರೀಪು, ಹೆಂಚಲ್ಲ. ರೀಪು ಬಾಗಿದಾಗ ಹೆಂಚಿನ ಸಾಲು ತಪ್ಪುತ್ತದೆ, ಕೊಂಡಿ ಬಿಡುತ್ತದೆ, ನೀರು ಒಳಗಿಳಿಯುತ್ತದೆ. ಮಂಗಗಳು ಓಡಾಡಿ ಸರಿಸಿದ ಹೆಂಚಿನಿಂದ ಸೋರುವುದು ಬೇರೆ.

ಹಳೆಯ ಹೆಂಚನ್ನು ಪರೀಕ್ಷಿಸುವ ಬಗೆ

ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅಂದಿನಿಂದ ಬಂದ ಹಳೆಯ ಹೆಂಚುಗಳು ಇಂದಿಗೂ ಮಲೆನಾಡಿನ ಮನೆಗಳ ಮೇಲೆ ಗಟ್ಟಿಯಾಗಿಯೇ ಇವೆ. ಹೆಂಚನ್ನು ಕೈಯಲ್ಲಿ ತೂಗುಹಾಕಿ ಬೆರಳ ಗೆಣ್ಣಿನಿಂದ ತಟ್ಟಿದರೆ ಕಣ್ ಎನ್ನಬೇಕು. ಬೋದು ಸದ್ದು ಬಂದರೆ ಬಿರುಕಿದೆ. ಇನ್ನೊಂದು ಪರೀಕ್ಷೆ ನೀರಿನದು. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ ಹೆಂಚನ್ನು ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿಟ್ಟು, ಒರೆಸಿ ಮತ್ತೆ ತೂಗಬೇಕು. ಭಾರತೀಯ ಮಾನಕದ ಪ್ರಕಾರ ಮೊದಲ ದರ್ಜೆಯ ಹೆಂಚು ತನ್ನ ತೂಕದ ನೂರಕ್ಕೆ 18ಕ್ಕಿಂತ, ಎರಡನೆಯ ದರ್ಜೆಯದು 20ಕ್ಕಿಂತ ಹೆಚ್ಚು ನೀರು ಹೀರಬಾರದು. ಒಣಗಿದಾಗ ಎರಡೂವರೆ ಕಿಲೋ ಇದ್ದದ್ದು ನೆನೆದ ಮೇಲೆ 3 ಕಿಲೋ ದಾಟಿದರೆ ಅದನ್ನು ದನದ ಕೊಟ್ಟಿಗೆಗೆ ಹಾಕಿ. ಹೊಸ ಹೆಂಚು ಕೊಳ್ಳುವಾಗಲೂ ನಾಲ್ಕಾರನ್ನು ತಂದು ಹೀಗೆ ನೋಡಿದ ಮೇಲೆಯೇ ಲಾರಿಗೆ ಹೇಳಬೇಕು.

ಬೇರೆ ಬೇರೆ ಕಾರ್ಖಾನೆಯ ಹೆಂಚಿನ ಅಳತೆ ಒಂದೇ ಇರುವುದಿಲ್ಲ, ಒಂದರ ಏಣು ಇನ್ನೊಂದರ ಗಾಡಿಯಲ್ಲಿ ಕೂರುವುದಿಲ್ಲ. ಹಳೆಯದು, ಹೊಸದು ಎರಡೂ ಇದ್ದರೆ ಬೆರೆಸದೆ ಒಂದು ಮೈಗೆ ಹಳೆಯದು, ಇನ್ನೊಂದಕ್ಕೆ ಹೊಸದು ಹಾಕಿಸಿ. ರೀಪು ಹೊಡೆಯುವುದು ಹೆಂಚು ಅಂಗಳಕ್ಕೆ ಬಂದ ಮೇಲೆ, ಅದನ್ನೇ ಜೋಡಿಸಿ ಅಳೆದು.

ಮರದ ವಿಚಾರ

ತೊಲೆಗಳ ತುದಿ ಗೋಡೆಯೊಳಗೆ ಹೋಗುವ ಜಾಗ, ಒಳಮೂಲೆಯ ತಗಡಿನ ದೋಣಿಯ ಅಡಿ, ಸೂರಿನ ಕೊನೆ, ಈ ಮೂರು ಕಡೆ ಗೆದ್ದಲು ಮತ್ತು ಕೊಳೆ ಮೊದಲು ಹಿಡಿಯುತ್ತವೆ. ಚೂಪಾದ ಉಳಿಯಿಂದ ಚುಚ್ಚಿ ನೋಡಬೇಕು. ಅರ್ಧ ಅಂಗುಲ ಸಲೀಸಾಗಿ ಇಳಿದರೆ ಆ ಮರ ಉಳಿಯದು. ಮೇಲೆ ಹೇಳಿದ ಮಾಡಿನ ಹೆಂಚು ಒಣಗಿದಾಗಲೇ ಐದೂವರೆ ಟನ್ ತೂಗುತ್ತದೆ, ಆಷಾಢದಲ್ಲಿ ನೆನೆದಾಗ ಆರು ಟನ್ ಮೀರುತ್ತದೆ. ತೊಲೆ ಬದಲಿಸಬೇಕಾಗಿ ಬಂದರೆ ಅದರ ಖರ್ಚು ಮೇಲಿನ ಪಟ್ಟಿಗಳ ಹೊರಗಿನದು ಎಂಬುದನ್ನು ಮರೆಯಬಾರದು. ಈ ಪರೀಕ್ಷೆಯನ್ನು ಹೆಂಚು ಇಳಿಸುವ ಮುನ್ನ ಅಟ್ಟ ಹತ್ತಿಯೇ ಮಾಡಿಕೊಳ್ಳಬೇಕು.

ತೋಟದಲ್ಲಿ ಮರವಿದೆ, ಕಡಿದರಾಯಿತು ಎನ್ನುವವರು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯನ್ನು ನೆನಪಿಡಬೇಕು. ಸಿಲ್ವರ್ ಓಕಿಗೆ ಅನುಮತಿ ಬೇಡವಾದರೂ ಮತ್ತಿ, ನಂದಿ, ಹೊನ್ನೆಯಂತಹ ಕಾಡುಮರಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಕಡಿದ ಹಸಿಮರ ಒಣಗುವುದಕ್ಕೂ ಹಿಡಿಯುತ್ತದೆ. ಹಸಿಮರದ ರೀಪು ಮೊದಲ ಬೇಸಗೆಯಲ್ಲೇ ಸೊಟ್ಟಗಾಗುತ್ತದೆ. ಸಿಲ್ವರ್ ಓಕನ್ನು ಬಳಸುವುದಾದರೆ ಕುಟ್ಟೆ ಹಿಡಿಯದಂತೆ ಔಷಧಿ ಹಚ್ಚಿಯೇ ಬಳಸಬೇಕು. ತೊಲೆಗೆ ಅದು ಬೇಡ.

ತಗಡು, ಸಿಮೆಂಟ್ ಶೀಟು, ತಾರಸಿ

ಕಬ್ಬಿಣದ ಚೌಕ ಪೈಪಿನ ಚೌಕಟ್ಟಿಗೆ ಬಣ್ಣದ ತಗಡು ಹಾಕಿಸುವುದು ಈಗ ಹೆಚ್ಚಾಗಿದೆ. ಎಲ್ಲ ಸೇರಿ ಇಳಿಜಾರಿನ ಚದರಡಿಗೆ 150 ರೂಪಾಯಿ ಎಂದಿಟ್ಟುಕೊಂಡರೆ ನಮ್ಮ ಉದಾಹರಣೆಯ ಮನೆಗೆ 2,36,250. ಹೊಸ ಹೆಂಚಿನ ಮಾಡಿಗಿಂತ ಕಡಿಮೆ, ಮಂಗಗಳ ಕಾಟವೂ ಇಲ್ಲ. ಆದರೆ ಬೇಸಗೆಯ ಸೆಕೆ, ಮಳೆಯ ಸದ್ದು ತಡೆಯಲು ಒಳಗೆ ಹಲಗೆಯದೋ ಬೇರೆಯದೋ ಮುಚ್ಚಿಗೆ ಬೇಕಾಗುತ್ತದೆ. ಅದನ್ನೂ ಸೇರಿಸಿ ಹೋಲಿಸಬೇಕು. ಅರ್ಧ ಮಿಲಿಮೀಟರ್ ದಪ್ಪದ ತಗಡು ಇಷ್ಟೂ ಮಾಡಿಗೆ ಮುಕ್ಕಾಲು ಟನ್ನಿನಷ್ಟೇ ತೂಗುತ್ತದೆ. ಹೆಂಚನ್ನು ಅದರ ಭಾರವೇ ಗಾಳಿಯಿಂದ ಕಾಯುತ್ತದೆ, ತಗಡನ್ನು ಕಾಯುವುದು ಸ್ಕ್ರೂ ಮಾತ್ರ. ರಬ್ಬರಿನ ವಾಷರ್ ಸಹಿತ ತಗಡಿನ ಉಬ್ಬಿನ ಮೇಲೆ ಸ್ಕ್ರೂ ಕೂರಿಸಿ, ಚೌಕಟ್ಟನ್ನು ಗೋಡೆಗೆ ಬೋಲ್ಟಿನಿಂದ ಭದ್ರಪಡಿಸದಿದ್ದರೆ ಮಾಡು ಪಕ್ಕದ ತೋಟ ಸೇರುತ್ತದೆ.

ಆಳುಗಳ ಲೈನುಮನೆ, ಗೋದಾಮುಗಳ ಮೇಲೆ ಹಳೆಯ ಕಲ್ನಾರಿನ ಶೀಟು ಇರುವವರಿಗೆ ಒಂದು ಎಚ್ಚರಿಕೆ. ಕಲ್ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಸಂಶಯಾತೀತ. ಆ ಶೀಟನ್ನು ಗರಗಸದಿಂದ ಕೊಯ್ಯಬಾರದು, ಮೇಲಿನಿಂದ ಎಸೆದು ಒಡೆಯಬಾರದು, ಚೂರು ಮಾಡಿ ದಾರಿಗೆ ಹಾಕಬಾರದು. ನೀರಿನಿಂದ ಚೆನ್ನಾಗಿ ತೋಯಿಸಿ, ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಕು. ಹತ್ತಿದವರು ಶೀಟಿನ ಮೇಲೆಯೇ ಕಾಲಿಟ್ಟು ಬೀಳುವುದೂ ಉಂಟು, ಹಲಗೆ ಹಾಸಿ ನಡೆಯುವಂತೆ ನೋಡಿಕೊಳ್ಳಿ.

ಹೆಂಚು ತೆಗೆದು ತಾರಸಿ ಹಾಕುತ್ತೇನೆನ್ನುವವರು ಮೊದಲು ಗೋಡೆ ನೋಡಬೇಕು. ನಾಲ್ಕಂಗುಲದ ಕಾಂಕ್ರೀಟು ಚದರ ಮೀಟರಿಗೆ ಸುಮಾರು 250 ಕಿಲೋ ತೂಗುತ್ತದೆ. ಹೆಂಚು 40 ಕಿಲೋದ ಆಸುಪಾಸು. ಮಣ್ಣಿನ ಗೋಡೆಯ ಮೇಲೆ ಈ ಭಾರ ಹೊರಿಸುವುದು ಅಪಾಯ. ಎಂಜಿನಿಯರರು ಅಡಿಪಾಯ ನೋಡಿ ಒಪ್ಪದೆ ಈ ಕೆಲಸಕ್ಕೆ ಕೈ ಹಾಕಕೂಡದು.

ಕಾಲ, ಕರಾರು, ಹಣ

ಕೊಯ್ಲು ಮುಗಿದ ಮೇಲೆ, ಮುಂಗಾರಿಗೆ ಮೊದಲು, ನಮಗೆ ಸಿಗುವ ಅವಧಿ ಚಿಕ್ಕದು. ಅದರ ನಡುವೆ ಹೂಮಳೆ ಬರುತ್ತದೆ. ಹೂಮಳೆ ಕಾಫಿಗೆ ಬೇಕು, ತೆರೆದ ಮಾಡಿಗೆ ಬೇಡ. ಆದ್ದರಿಂದ ಒಂದು ಮೈ ಬಿಚ್ಚಿ ಮುಚ್ಚಿದ ಮೇಲೆಯೇ ಇನ್ನೊಂದನ್ನು ಬಿಚ್ಚಿಸಬೇಕು, ಇಡೀ ಮೈ ಮುಚ್ಚುವಷ್ಟು ಟಾರ್ಪಾಲು ಅಂಗಳದಲ್ಲಿರಬೇಕು. ಮೇ ತಿಂಗಳ ಕೊನೆಯಲ್ಲಿ ಶುರು ಮಾಡುವವರು ಗುತ್ತಿಗೆದಾರರು ಹೇಳಿದ ದರವನ್ನು ಒಪ್ಪಲೇಬೇಕಾಗುತ್ತದೆ.

ಕರಾರು ಬಾಯಿಮಾತಿನದಾಗಬಾರದು. ಒಂದು ಹಾಳೆಯಲ್ಲಿ ಇಷ್ಟನ್ನು ಬರೆಸಿ ಇಬ್ಬರೂ ರುಜು ಹಾಕಿ: ಅಳತೆ ನೆಲದ್ದೋ ಇಳಿಜಾರಿನದೋ, ಮರದ ಜಾತಿ ಮತ್ತು ದಪ್ಪ, ತಗಡಾದರೆ ಅದರ ದಪ್ಪ, ತೆರಿಗೆ ಸೇರಿದೆಯೋ ಇಲ್ಲವೋ, ಆಳುಗಳ ಊಟ, ಸಾಗಣೆ ಯಾರದ್ದು, ಹಳೆಯ ಹೆಂಚು ಮತ್ತು ಮರ ಯಾರಿಗೆ. ಹಳೆಯ ಮರವನ್ನು ತೆಗೆದುಕೊಂಡು ಹೋಗಿ ಎಂದು ಸುಲಭವಾಗಿ ಹೇಳಿಬಿಡಬೇಡಿ, ಅದಕ್ಕೂ ಬೆಲೆಯಿದೆ. ಹಣವನ್ನು ಕೆಲಸದ ಹಂತಕ್ಕೆ ತಕ್ಕಂತೆ ಕೊಟ್ಟು, ಹತ್ತನೇ ಒಂದು ಪಾಲನ್ನು ಮೊದಲ ದೊಡ್ಡ ಮಳೆಯವರೆಗೆ ಉಳಿಸಿಕೊಳ್ಳಿ.

ಒಟ್ಟು ಅಂದಾಜಿನ ಮೇಲೆ ನೂರಕ್ಕೆ 10ರಿಂದ 15ರಷ್ಟನ್ನು ಕೈಯಲ್ಲಿಟ್ಟುಕೊಂಡೇ ಮೊದಲ ಹೆಂಚು ಇಳಿಸಬೇಕು. ಬಿಚ್ಚಿದ ಮೇಲೆ ಕೆಟ್ಟ ಮರ ಒಂದೆರಡಾದರೂ ಹೆಚ್ಚು ಸಿಗುವುದು ಖಂಡಿತ. ಕಾರ್ಯದರ್ಶಿಯಾಗಿ ಇನ್ನೊಂದು ಮಾತು ಹೇಳಲೇಬೇಕು. ಬೆಳೆಸಾಲದ ಹಣವನ್ನು ಮಾಡಿಗೆ ಹಾಕಬೇಡಿ. ಅದು ವರ್ಷದೊಳಗೆ ಬೆಳೆಯಿಂದಲೇ ತೀರಬೇಕಾದ ಸಾಲ. ಮಾಡು ಫಸಲು ಕೊಡುವುದಿಲ್ಲ. ಗೊಬ್ಬರ, ಬೋರ್ಡೋ ದ್ರಾವಣಕ್ಕೆ ಇಟ್ಟದ್ದು ಮಾಡಿಗೆ ಹೋದರೆ ಮನೆ ಒಣಗಿರುತ್ತದೆ, ತೋಟ ಕೊಳೆಯುತ್ತದೆ. ಪೂರ್ತಿ ಹಣ ಹೊಂದದಿದ್ದರೆ ಈ ವರ್ಷ ಮಳೆಗಾಳಿ ಹೊಡೆಯುವ ಒಂದು ಮೈಯನ್ನು ಮಾಡಿಸಿ, ಇನ್ನೊಂದನ್ನು ಮುಂದಿನ ವರ್ಷಕ್ಕೆ ಇಡುವುದರಲ್ಲಿ ನಾಚಿಕೆಯೇನೂ ಇಲ್ಲ.

ಲೆಕ್ಕ ತಾಳೆ ನೋಡಬೇಕೆನ್ನುವ ಸದಸ್ಯರು ಕಚೇರಿಗೆ ಬರುವಾಗ ಗೋಡೆಯ ಉದ್ದಗಲ, ಸೂರಿನ ಚಾಚು, ನೆತ್ತಿಯ ಎತ್ತರ ಇವುಗಳನ್ನು ಬರೆದುಕೊಂಡು ಬಂದರೆ ಕೂತು ಲೆಕ್ಕ ಹಾಕೋಣ.